ದೊಡ್ಡಮಾದಯ್ಯನ ಕಣ್ಣಿನ ಪದ

ಧನಗೆರೆಯ ದೊಡ್ಡಮಾದಯ್ಯ ಕಂಸಾಳೆ ತಟ್ಟಿದರೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿದ್ದ ಕಂಡಕ್ಟರು ಎದ್ದು ಕೂತು ‘ರೈಟ್’ ಎನ್ನುತ್ತಿದ್ದ. ಇದರಲ್ಲಿ ಎಳ್ಳಷ್ಟೂ ಸೇರಿಸಿದ್ದಿಲ್ಲ. ಬೇಕಿದ್ದರೆ ಆ ಕಂಡಕ್ಟರನ್ನೇ ಕೇಳಬಹುದಿತ್ತು, ಪಾಪ, ಅವನಿಗೆ ಹಾಸನಕ್ಕೆ ವರ್ಗವಾಗಿಬಿಟ್ಟಿತು. ದೊಡ್ಡಮಾದಯ್ಯನ ಗಂಟಲೂ ಅಂಥದ್ದೇ. ಅವನು ಊರ ಮುಂದೆ ನಿಂತು ಒಂದು ಸಲ ‘ಉಘೇ ಮಾದಪ್ಪ’ ಅಂದರೆ ಯಳಂದೂರಿನ ಬಯಲಲ್ಲಿ ಮೇಯುತ್ತಿದ್ದ ದನಗಳು ಕತ್ತೆತ್ತಿ ನೋಡಿ, ಕರೆದದ್ದು ನಮ್ಮನ್ನಲ್ಲ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಮೇವಿಗೆ ಬಾಯಿ ಹಾಕುತ್ತಿದ್ದವು.

ಅವನು ದೇವರಗುಡ್ಡ. ಮೀಸೆ ಮೂಡುವ ಮೊದಲೇ ಗುರುವಿನಿಂದ ದೀಕ್ಷೆ ಪಡೆದು ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಕೈಗೆ ಕಂಚಿನ ಕಂಸಾಳೆ ತೆಗೆದುಕೊಂಡವನು. ವಾರವೆಲ್ಲ ಊರಿನವರ ಹಾಗೆ ಹೊಲ ಗೇಯುತ್ತಿದ್ದ. ಸೋಮವಾರ ಬಂತೆಂದರೆ ಮಿಂದು ವಿಭೂತಿ ಬಳಿದುಕೊಂಡು, ಮನೆಗಳ ಬಾಗಿಲಲ್ಲಿ ನಿಂತು ಬೆಟ್ಟದ ಮಾದಪ್ಪನ ಕಥೆ ಹಾಡಿ ರಾಗಿ ಬೇಡುತ್ತಿದ್ದ. ಬೇಡುವಾಗ ಅವನು ಯಾರ ಗಂಡನೂ ಅಲ್ಲ, ಯಾರ ಅಪ್ಪನೂ ಅಲ್ಲ, ಮಾದಪ್ಪನ ಆಳು. ಬಾಗಿಲಿಗೆ ಬಂದ ಹೆಂಗಸು ನಿನ್ನೆ ಮೊನ್ನೆ ಬಂದ ಸೊಸೆಯಾದರೂ ಅವನಿಗೆ ‘ಅವ್ವ’. ಹಾಗೆ ಬಂದ ಗುಡ್ಡನನ್ನು ಬರಿ ಜೋಳಿಗೆಯಲ್ಲಿ ಕಳಿಸಿದ ಮನೆ ಉದ್ಧಾರವಾದದ್ದಿಲ್ಲ. ಹಿಂದೆ ಒಂದು ಮನೆಯಲ್ಲಿ ಹಾಗೆ ಮಾಡಿದ್ದಕ್ಕೆ ಮಾಡಿನ ಹೆಂಚುಗಳೆಲ್ಲ ಬೇಸರ ಮಾಡಿಕೊಂಡು ಒಂದೊಂದಾಗಿ ಪಕ್ಕದ ಮನೆಗೆ ಹೊರಟುಹೋದವು ಎಂದು ಊರಲ್ಲಿ ಹೇಳುತ್ತಾರೆ. ಪಕ್ಕದ ಮನೆಯವರು ಇದನ್ನು ಒಪ್ಪುವುದಿಲ್ಲ, ಹೆಂಚು ಮಾತ್ರ ಈಗಲೂ ಅವರಲ್ಲೇ ಇವೆ.

ಜಿಲ್ಲೆ ಆಗಿನ್ನೂ ಮೈಸೂರೇ. ಹನೂರು ತಾನೊಂದು ತಾಲ್ಲೂಕಾಗುವ ಕನಸನ್ನೂ ಕಂಡಿರಲಿಲ್ಲ. ಎಂಬತ್ತೇಳನೆಯ ಇಸವಿಯ ಕಾರ್ತಿಕದಲ್ಲಿ ಸರ್ಕಾರ ಕೊಳ್ಳೇಗಾಲದ ಒಂದು ಛತ್ರದಲ್ಲಿ ಕಣ್ಣಿನ ಶಿಬಿರ ಹೂಡಿತು. ಕಣ್ಣಿಗೆ ಪೊರೆ ಬಂದವರಿಗೆ ಬಿಟ್ಟಿ ಆಪರೇಷನ್ನು, ಮಲಗಲು ಚಾಪೆ, ಹೊದೆಯಲು ಜಮಖಾನ, ಎರಡು ಹೊತ್ತು ಊಟ, ಜೊತೆಗೆ ಬಂದವರಿಗೂ ಊಟ, ಗಾಯ ಮಾಗಿದ ಮೇಲೆ ಕನ್ನಡಕ. ಇಷ್ಟನ್ನೂ ಕೊಡುತ್ತೇವೆಂದು ಮೈಕು ಕಟ್ಟಿದ ಜೀಪು ಹಳ್ಳಿಹಳ್ಳಿಯಲ್ಲಿ ಕೂಗಿಕೊಂಡು ಬಂತು. ಜೀಪು ಒಳಗೆ ಬರುವ ಹೊತ್ತಿಗೆ ಹಳ್ಳಿ ಖಾಲಿ. ‘ಆಪರೇಷನ್’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಗಂಡಸರು ಹತ್ತು ವರ್ಷದ ಹಿಂದೆ ಮಕ್ಕಳಾಗದ ಹಾಗೆ ಮಾಡಲು ಹಿಡಿದುಕೊಂಡು ಹೋಗುತ್ತಿದ್ದುದನ್ನು ನೆನೆದು ಜೋಳದ ಹೊಲ ಹೊಕ್ಕುಬಿಡುತ್ತಿದ್ದರು. ಮಾರ್ಟಳ್ಳಿಯ ಕಡೆಯ ಒಬ್ಬ ಮುದುಕನಂತೂ ಓಡಿದ ರಭಸಕ್ಕೆ ಗಡಿ ದಾಟಿ ತಮಿಳುನಾಡಿನಲ್ಲಿ ಹೋಗಿ ನಿಂತ. ಅಲ್ಲೂ ಒಂದು ಮೈಕಿನ ಜೀಪು ಕಂಡು ಅಷ್ಟೇ ರಭಸದಲ್ಲಿ ವಾಪಸು ಬಂದ.

ಆಗ ಹೆಲ್ತ್ ಇನ್ಸ್‌ಪೆಕ್ಟರ್ ಗುರುಸಿದ್ದಯ್ಯನಿಗೆ ಒಂದು ಯೋಚನೆ ಹೊಳೆಯಿತು. ಈ ಮನುಷ್ಯ ಸೈಕಲ್ಲಿನಲ್ಲಿ ಮೂರು ಊರುಗಳ ಧೂಳು ಕುಡಿದು ಬೆಳೆದವನು. ಮೈಕಿಗೆ ಓಡುವ ಜನ ಕಂಸಾಳೆಗೆ ಓಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ದೊಡ್ಡಮಾದಯ್ಯನ ಜಗಲಿಯಲ್ಲಿ ಕೂತು, ಶಿಬಿರದ ವಿಷಯವನ್ನೆಲ್ಲ ವಿವರಿಸಿ, ಇದನ್ನೊಂದು ಪದ ಮಾಡಿ ಊರೂರಲ್ಲಿ ಹಾಡಬೇಕು, ಸರ್ಕಾರದ ಜೀಪಿನಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದ. ಜೀಪಿನ ಮುಂದಿನ ಸೀಟು ಎಂದೂ ಸೇರಿಸಿದ. ದೊಡ್ಡಮಾದಯ್ಯ ಮುಂದಿನ ಸೀಟನ್ನು ಕೇಳಿಸಿಕೊಳ್ಳದವನ ಹಾಗೆ ಒಪ್ಪಿಕೊಂಡ.

ಅವನು ಪದ ಕಟ್ಟುತ್ತಿದ್ದದ್ದು ಅಡುಗೆ ಒಲೆಯ ಮುಂದೆ, ಹೆಂಡತಿ ರಾಚಮ್ಮ ಮುದ್ದೆ ತೊಳಸುವಾಗ. ಕೋಲು ತಿರುಗುವ ಲಯ ಹಿಡಿದು ಒಂದೊಂದೇ ಸಾಲು ಹೇಳಿ ನೋಡುತ್ತಿದ್ದ. ಚೆನ್ನಾಗಿಲ್ಲದ ಸಾಲಿಗೆ ರಾಚಮ್ಮನ ಕೋಲು ನಿಲ್ಲುತ್ತಿತ್ತು.

ಆದರೆ ಈ ಸಲ ಪದದ ಸರಕು ಒಲೆಯ ಮುಂದೆಯೇ ಕೂತಿತ್ತು. ರಾಚಮ್ಮನ ಎರಡು ಕಣ್ಣಿಗೂ ಪೊರೆ. ಬಲಗಣ್ಣು ಹಾಲು ಹಾಕಿದ ಹಾಗೆ ಪೂರ್ತಿ ಬೆಳ್ಳಗಾಗಿತ್ತು, ಎಡಗಣ್ಣು ಅದರ ಹಿಂದೆಯೇ ಹೊರಟಿತ್ತು. ಮೂಗಿನಿಂದ ಒಗ್ಗರಣೆ, ಬೆರಳಿನಿಂದ ಉಪ್ಪು, ಕಿವಿಯಿಂದ ಎಸರಿನ ಕುದಿ ಎಲ್ಲವನ್ನೂ ತಿಳಿಯುತ್ತಿದ್ದಳು. ಅವಳು ಮುದ್ದೆ ಕಟ್ಟುವ ಸದ್ದು ಕೇಳಿಯೇ ನೆರೆಮನೆಯವರಿಗೆ ಹಸಿವಾಗುತ್ತಿತ್ತು. ಆದರೂ ಹಿಂದಿನ ವಾರ ಬಿಸಿ ಉಪ್ಸಾರನ್ನು ಗಂಡನ ತಟ್ಟೆಗೆ ಬಿಡುವ ಬದಲು ತೊಡೆಗೆ ಬಿಟ್ಟಿದ್ದಳು. ಅದಕ್ಕೂ ಹಿಂದೆ ಒಂದು ದಿನ ನೀರಿಗೆ ಹೋದವಳು ಕಟ್ಟೆಯಿಲ್ಲದ ಬಾವಿಯ ಅಂಚಿನಲ್ಲಿ ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಪಕ್ಕದ ಮನೆಯ ಪುಟ್ಟಬಸಮ್ಮ ಸೆರಗು ಹಿಡಿದು ಎಳೆದಿದ್ದಳು. ತೊಡೆಯ ಬೊಬ್ಬೆಯನ್ನು ದೊಡ್ಡಮಾದಯ್ಯ ಮರೆತ. ಬಾವಿಯದನ್ನು ಮರೆಯಲಾಗಲಿಲ್ಲ.

ಪೊರೆ ಬಂದವರಿಗೆ ಲೋಕ ಹೇಗೆ ಕಾಣುತ್ತದೆ ಎಂದು ಪದದಲ್ಲಿ ಬರಬೇಕಿತ್ತು. ಅವಳನ್ನೇ ಕೇಳಿದ. ರಾಚಮ್ಮ ಕೋಲು ತಿರುಗಿಸುತ್ತಲೇ ಹೇಳಿದಳು:

“ದೀಪ ಅಚ್ಚಿದ್ರೆ ಸುತ್ತ ದೂಳು ಎದ್ದಂಗೆ ಕಾಣ್ತದೆ. ಎದುರ್ಗೆ ಬಂದೋರ ಮೊಕದಲ್ಲಿ ಮೊಕ ಇರಾಕಿಲ್ಲ. ಬರೀ ದನಿ ಇರ್ತದೆ.”

ಅದನ್ನು ಹಾಗೆಯೇ ಪದಕ್ಕೆ ಎತ್ತಿಕೊಂಡ. ಕಣ್ಣಿಲ್ಲದ ಒಬ್ಬ ಮುದುಕಿ ತಡವಿಕೊಂಡು ಬೆಟ್ಟ ಹತ್ತಿ ಮಾದಪ್ಪನ ಮುಂದೆ ಅಳುತ್ತಾಳೆ ಎನ್ನುವವರೆಗೂ ಸಲೀಸಾಗಿ ಬಂತು. ಅಲ್ಲಿ ಸಿಕ್ಕಿಕೊಂಡಿತು. ಶಿಬಿರಕ್ಕೆ ಹೋಗು ಎಂದು ಆ ಮುದುಕಿಗೆ ಹೇಳುವವರು ಯಾರು? ಡಾಕ್ಟರೇ? ಇನ್ಸ್‌ಪೆಕ್ಟರೇ?

“ಡಾಕ್ಟ್ರು ಕರೀತಾವ್ರೆ ಅಂದ್ರೆ ಯಾರ್ ಬಂದಾರು? ಮಾದಪ್ಪನ ಬಾಯಲ್ಲಿ ಅನ್ಸು,” ಎಂದಳು ರಾಚಮ್ಮ.

“ಮಾದಪ್ಪ ಅಂಗಂದವ್ನಾ?”

“ಅಂದಿಲ್ಲ. ನೀನು ಅನ್ಸು. ನೀನೇನು ದಿನಾ ಅವನ್ನ ಕೇಳ್ಕಂಡು ಪದ ಏಳ್ತಿದ್ದೀಯಾ?”

ಹೀಗೆ ಮುದ್ದೆ ಬೇಯುವಷ್ಟರಲ್ಲಿ ಮಾದಪ್ಪ ಮಾತಾಡಿದ:

ಬೆಟ್ಟಕ್ಕೆ ಬರಬ್ಯಾಡ ಮಗಳೆ, ಕೆಳಗಿಳಿದು ನಡಿ ಮಗಳೆ,
ಕೊಳ್ಳೇಗಾಲದ ಛತ್ರದಾಗೆ ಕಣ್ಣ ಚೀಲ ಬಿಚ್ಚಿವ್ನಿ.

ಈ ಎರಡು ಸಾಲು ಮಾಡಿದ ಅನಾಹುತ ಸಾಮಾನ್ಯದ್ದಲ್ಲ. ದೊಡ್ಡಮಾದಯ್ಯ ಮುಂದೆ, ಅವನ ಹಿಂದೆ ದನಿ ಸೇರಿಸುವ ಮಾದು, ಇಬ್ಬರೂ ಜೀಪಿನಲ್ಲಿ ಕೂತು ಹನೂರಿನ ಸುತ್ತಿನ ಹಳ್ಳಿಗಳನ್ನು, ಯಳಂದೂರಿನ ಬೀದಿಗಳನ್ನು ಸುತ್ತಿದರು. ಹೆಂಗಸರು ಮೊರದಲ್ಲಿ ರಾಗಿ ಹಿಡಿದು ಹೊರಗೆ ಬಂದು, ಪದ ಕೇಳಿ, ಮಾತು ಮಾದಪ್ಪನದೇ ಎಂದು ಗೊತ್ತಾದ ಮೇಲೆ ಜೀಪಿನ ಚಕ್ರಕ್ಕೂ ನೀರು ಹಾಕಿ ಕೈಮುಗಿದರು. ಮಾರ್ಟಳ್ಳಿಯಲ್ಲಿ ಮಾದು ಆ ಎರಡು ಸಾಲನ್ನು ತಮಿಳಿಗೆ ತಿರುಗಿಸಿದ. ಅವನ ತಮಿಳು ಎಷ್ಟು ಚೆನ್ನಾಗಿತ್ತೆಂದರೆ ತಮಿಳಿನವರು ಅದನ್ನು ಕನ್ನಡ ಎಂದುಕೊಂಡು ಮೆಚ್ಚಿದರು.

ಶಿಬಿರದ ಮೊದಲ ದಿನ ಕೊಳ್ಳೇಗಾಲದ ರಸ್ತೆಗಳಲ್ಲಿ ನೆಲ ಕಾಣಲಿಲ್ಲ. ಪೊರೆ ಬಂದವರು ಬಂದರು. ಬರದವರೂ ಬಂದರು. ಮೊಲೆ ಕುಡಿಯುವ ಕೂಸುಗಳು ಬಂದವು. ಬೆಟ್ಟಕ್ಕೆ ಹೋಗುವ ಹಾಗೆ ಮಡಿಯುಟ್ಟು ಬಂದರು, ಮುಡಿ ಕೊಟ್ಟು ಬಂದರು. ಛತ್ರದ ಹೊರಗೆ ಇಬ್ಬರು ಕ್ಷೌರಿಕರು ಕೂತೇಬಿಟ್ಟಿದ್ದರು. ಒಬ್ಬಳು ಕುರುಡು ಮೇಕೆಯನ್ನೂ ಹೊಡೆದುಕೊಂಡು ಬಂದಿದ್ದಳು. ಮೈಸೂರಿನಿಂದ ಬಂದಿದ್ದ ಕಣ್ಣಿನ ಡಾಕ್ಟರಮ್ಮ ಒಳಗೆ ಕಾಲಿಡುವಾಗ ಬಾಗಿಲಲ್ಲಿ ಯಾರೋ ತೆಂಗಿನಕಾಯಿ ಒಡೆದರು. ಅದರ ನೀರು ಸಿಡಿದು ಆಕೆಯ ಬಿಳಿ ಕೋಟು ನೆನೆಯಿತು.

ಆಕೆ ಮೊದಲು ಪರೀಕ್ಷೆ ಮಾಡಿದ್ದು ಎತ್ತಿನಂಥ ಒಬ್ಬ ರೈತನನ್ನು. ಏನು ಕಾಣುವುದಿಲ್ಲ ಎಂದು ಕೇಳಿದರೆ ಎಲ್ಲಾ ಕಾಣುತ್ತದೆ ಎಂದ. ಮತ್ತೆ ಬಂದದ್ದೇಕೆ ಎಂದು ಕೇಳಿದಳು.

“ಮಾದಪ್ಪ ಬಾ ಅಂದ, ಬಂದೆ ಕಣವ್ವ. ಬ್ಯಾಡ ಅನ್ನಕ್ಕೆ ನಾನ್ಯಾರು?”

ಡಾಕ್ಟರಮ್ಮ ಗುರುಸಿದ್ದಯ್ಯನನ್ನು ಕರೆಸಿ ಬೈದ ಬೈಗುಳಕ್ಕೆ ಅವನ ಸೈಕಲ್ಲಿನ ಗಾಳಿ ತಾನಾಗಿ ಇಳಿಯಿತು. ಆದರೆ ಸಂಜೆಯ ಹೊತ್ತಿಗೆ ಹೊಟ್ಟನ್ನೆಲ್ಲ ತೂರಿ ನೋಡಿದಾಗ ಉಳಿದ ಕಾಳೇ ಛತ್ರದ ತುಂಬ ಇತ್ತು. ಅಷ್ಟು ಪೊರೆಯನ್ನು ಒಂದೇ ಜಾಗದಲ್ಲಿ ತಾನು ಎಂದೂ ಕಂಡಿರಲಿಲ್ಲ ಎಂದು ಆಕೆಯೇ ಒಪ್ಪಿಕೊಂಡಳು. ಕಣ್ಣು ಚೆನ್ನಾಗಿರುವವರು ಮನೆಯಲ್ಲೇ ಇರಲಿ ಎಂದು ಒಂದು ಮಾತು ಸೇರಿಸಲು ಹೇಳಿ ಕಳಿಸಿದಳು. ದೊಡ್ಡಮಾದಯ್ಯ ಅದನ್ನೂ ಮಾದಪ್ಪನ ಬಾಯಲ್ಲಿ ಅನ್ನಿಸಿದ. ಜನ ಅರ್ಧ ಕಡಿಮೆಯಾದರು. ಉಳಿದರ್ಧ, ತಮ್ಮ ಕಣ್ಣು ಚೆನ್ನಾಗಿದೆ ಎಂದು ಮಾದಪ್ಪನಿಗೆ ಹೇಗೆ ಗೊತ್ತಾಗಬೇಕು ಎಂದು ತೋರಿಸಿಕೊಂಡು ಹೋಗಲು ಬಂದರು.

ಮೂರು ಸೀಮೆಯಲ್ಲಿ ಆ ಪದವನ್ನು ನಂಬದೆ ಉಳಿದವರು ಒಬ್ಬರೇ. ಅದು ರಾಚಮ್ಮ.

ಅವಳ ವಾದವೇ ಬೇರೆ. ಮಾದಪ್ಪ ಅಂದ ಎಂದು ಊರವರಿಗೆ ಹೇಳಬಹುದು, ತನಗೆ ಹೇಳುವ ಹಾಗಿಲ್ಲ, ಯಾಕೆಂದರೆ ಮಾದಪ್ಪನಿಗೆ ಆ ಮಾತು ಹೇಳಿಕೊಟ್ಟವಳೇ ತಾನು. ನಿಜವಾಗಿ ಮಾದಪ್ಪ ಕರೆದ ದಿನ ಕರೆಯಲಿ, ಎದ್ದು ಹೋಗುತ್ತೇನೆ, ಒಲೆ ಮುಂದೆ ಕಟ್ಟಿದ ಪದಕ್ಕೆ ಕಣ್ಣು ಕುಯ್ಯಿಸಿಕೊಳ್ಳುವವಳು ನಾನಲ್ಲ ಎಂದುಬಿಟ್ಟಳು.

ದೊಡ್ಡಮಾದಯ್ಯ ಮೊದಲು ಹೇಳಿದ. ಆಮೇಲೆ ಗದರಿಸಿದ. ಆಮೇಲೆ, ನೀನು ಹೋಗುವವರೆಗೂ ಈ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಪುಟ್ಟಬಸಮ್ಮನ ಮನೆಯಲ್ಲಿ ಉಂಡು ಬಂದ. ರಾಚಮ್ಮ ಅವನ ಪಾಲಿನ ಮುದ್ದೆಯನ್ನು ಎಮ್ಮೆಗೆ ಹಾಕಿದಳು. ಎಮ್ಮೆ ಆ ವಾರ ಹೆಚ್ಚು ಹಾಲು ಕೊಟ್ಟಿತು. ಪುಟ್ಟಬಸಮ್ಮನೂ ಒಂದು ಕೈ ನೋಡಿದಳು. ಅವಳು ಶಿಬಿರದ ಮೊದಲ ತಂಡದಲ್ಲೇ ಒಂದು ಕಣ್ಣು ಮಾಡಿಸಿಕೊಂಡು, ಹಸಿರು ಬಟ್ಟೆ ಕಟ್ಟಿಕೊಂಡು, ರಾಜರ ಮನೆಯ ಮದುವೆಗೆ ಹೋಗಿ ಬಂದವಳಂತೆ ಓಡಾಡುತ್ತಿದ್ದಳು. ನೋವಿಲ್ಲ, ಇರುವೆ ಕಚ್ಚಿದಷ್ಟೂ ಇಲ್ಲ, ಬೆಳಿಗ್ಗೆ ಉಪ್ಪಿಟ್ಟಿಗೆ ತುಪ್ಪ ಹಾಕುತ್ತಾರೆ ಎಂದೆಲ್ಲ ಹೇಳಿದಳು. ರಾಚಮ್ಮ ತುಪ್ಪದ ವಿಷಯ ಎರಡು ಸಲ ಕೇಳಿ ತಿಳಿದುಕೊಂಡು, ಹೋಗುವುದಿಲ್ಲ ಎಂದಳು.

ಶಿಬಿರ ಮುಗಿಯುತ್ತ ಬಂತು. ಗುರುಸಿದ್ದಯ್ಯ ಒಂದು ಸಂಜೆ ಟಾರ್ಚು ತಂದು, ಅವಳ ಕಣ್ಣಿಗೆ ಪಕ್ಕದಿಂದ ಬೆಳಕು ಬಿಟ್ಟು, ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದ. ಎಡಗಣ್ಣು ತಕ್ಷಣ ಹೇಳಿತು. ಬಲಗಣ್ಣು ಸ್ವಲ್ಪ ಯೋಚಿಸಿ ಹೇಳಿತು. ಗುರುಸಿದ್ದಯ್ಯ ಟಾರ್ಚು ಆರಿಸಿ ದೊಡ್ಡಮಾದಯ್ಯನನ್ನು ಹಟ್ಟಿಯ ಹಿಂದೆ ಕರೆದುಕೊಂಡು ಹೋದ. ಬೆಳಕಿನ ದಿಕ್ಕು ತಿಳಿಯುವ ತನಕ ಮಾತ್ರ ಆಪರೇಷನ್ನಿಗೆ ದಾರಿ ಇದೆ, ಬಲಗಣ್ಣಿನ ಪೊರೆ ಮಾಗಿಹೋಗಿದೆ, ಅದು ಒಳಗೇ ಒಡೆದರೆ ಆಮೇಲೆ ಯಾವ ಡಾಕ್ಟರೂ ಏನೂ ಮಾಡಲಾರರು, ಮಂಗಳವಾರ ಕೊನೆಯ ತಂಡ, ಮುಂದಿನ ಶಿಬಿರ ವರ್ಷ ಕಳೆದ ಮೇಲೆ ಎಂದ.

ಲಕ್ಷ ಜನಕ್ಕೆ ಕಣ್ಣು ಕೊಡಿಸಿದ ಪದ ತನ್ನ ಹೊಸ್ತಿಲು ದಾಟಲಿಲ್ಲವಲ್ಲ ಎಂಬುದು ಆ ರಾತ್ರಿ ದೊಡ್ಡಮಾದಯ್ಯನನ್ನು ಒಳಗೇ ತಿನ್ನುತ್ತಿತ್ತು. ಲಕ್ಷವಲ್ಲದಿದ್ದರೆ ಒಂದಷ್ಟು ನೂರು ಇರಬಹುದು. ಅವನ ಸಂಕಟ ಮಾತ್ರ ಲಕ್ಷಕ್ಕಾಗುವಷ್ಟಿತ್ತು.

ಅವನಿಗೆ ಒಂದು ದಾರಿ ಕಾಣುತ್ತಿತ್ತು. ಅದಕ್ಕೆ ಗುರುವಿನ ಕಟ್ಟಳೆ ಅಡ್ಡ ಬರುತ್ತಿತ್ತು. ದೀಕ್ಷೆ ಕೊಡುವಾಗ ಗುರು ಹೇಳಿದ್ದ: ಯಾವ ಬಾಗಿಲಲ್ಲಾದರೂ ಬೇಡು, ನಿನ್ನ ಬಾಗಿಲಲ್ಲಿ ಬೇಡಬೇಡ. ಬೇಡಿದರೆ ನೀನು ಆ ಮನೆಯ ಯಜಮಾನನಲ್ಲ ಎಂದಾಯಿತು. ಒಮ್ಮೆ ಇಳಿದ ಯಜಮಾನಿಕೆಯನ್ನು ಮತ್ತೆ ಹತ್ತಲು ಏಣಿ ಇಲ್ಲ. ಇಷ್ಟು ವರ್ಷದಲ್ಲಿ ದೊಡ್ಡಮಾದಯ್ಯ ಆ ಮಾತನ್ನು ಮೀರಿರಲಿಲ್ಲ. ಸೋಮವಾರ ಬೆಳಕು ಹರಿಯುವ ಮುಂಚೆ ಎದ್ದು ಕೆರೆ ಏರಿಯ ಮೇಲೆ ಹೋಗಿ ಬಹಳ ಹೊತ್ತು ಒಬ್ಬನೇ ಇದ್ದ. ಬರುವಾಗ ಮಿಂದು, ವಿಭೂತಿ ಬಳಿದು, ಜೋಳಿಗೆ ಹಾಕಿ ಬಂದ. ಬೇರೆ ಯಾವ ಮನೆಯ ಮುಂದೆಯೂ ನಿಲ್ಲದೆ ನೇರ ತನ್ನ ಬಾಗಿಲಿಗೆ ಬಂದು ಕಂಸಾಳೆ ತಟ್ಟಿದ.

ಬೀದಿ ಬೀದಿಯೇ ಹೊರಗೆ ಬಂತು. ಒಲೆಯ ಮೇಲಿನ ಹಾಲು ಉಕ್ಕಲು ಬಿಟ್ಟು ಬಂದರು. ಅಂದು ಧನಗೆರೆಯಲ್ಲಿ ಉಕ್ಕಿದ ಹಾಲು ಚರಂಡಿ ಸೇರಿ ನಾಯಿಗಳೆಲ್ಲ ದಪ್ಪಗಾದವು.

“ಅವ್ವಾ, ಗುಡ್ಡ ಬಂದವ್ನೆ. ಭಿಕ್ಷೆ ನೀಡವ್ವ,” ಎಂದ ದೊಡ್ಡಮಾದಯ್ಯ.

ಒಳಗೆ ಪಾತ್ರೆಯ ಸದ್ದು ನಿಂತಿತು. ರಾಚಮ್ಮನ ದನಿ ಬಂತು.

“ಯಾವೂರ ಗುಡ್ಡಪ್ಪ?”

“ಧನಗೆರೆ.”

“ಧನಗೆರೆ ಗುಡ್ಡ ಪಕ್ಕದಟ್ಟೀಲಿ ಉಣ್ತಾನಂತೆ. ಭಿಕ್ಷೆನೂ ಅಲ್ಲೇ ಬೇಡ್ಲಿ.”

ಜನ ನಕ್ಕರು. ಪುಟ್ಟಬಸಮ್ಮ ಹಸಿರು ಬಟ್ಟೆಯ ಕಣ್ಣಿನ ಮೇಲೆ ಕೈ ಇಟ್ಟುಕೊಂಡು, “ಎಂಡ್ತಿನ ಅವ್ವ ಅಂದ್ಬುಟ್ಟೆ. ರಾತ್ರಿ ಎಲ್ಲಿ ಮನೀಕತೀಯೋ ಗುಡ್ಡಪ್ಪ?” ಎಂದು ಕೇಳಿದಳು. ಜಗಲಿ ಇದೆ ಬಿಡು ಎಂದು ಯಾರೋ ಹಿಂದಿನಿಂದ ಉತ್ತರ ಕೊಟ್ಟರು. ದೊಡ್ಡಮಾದಯ್ಯ ಕದಲಲಿಲ್ಲ.

ರಾಚಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಎಷ್ಟು ತಮಾಷೆ ಮಾಡಿದರೂ ಬಾಗಿಲಿಗೆ ಬಂದ ಗುಡ್ಡನಿಗೆ ಇಲ್ಲ ಎನ್ನುವ ಧೈರ್ಯ ಆ ಸೀಮೆಯ ಯಾವ ಹೆಂಗಸಿಗೂ ಇರಲಿಲ್ಲ. ಮೊರದಲ್ಲಿ ರಾಗಿ ಇತ್ತು, ಸಾಮಾನ್ಯ ಗುಡ್ಡನಿಗೆ ನೀಡುವುದಕ್ಕಿಂತ ಹೆಚ್ಚೇ ಇತ್ತು. ಹೊಸ್ತಿಲ ಮೇಲೆ ನಿಂತು ಮೊರ ಮುಂದೆ ಚಾಚಿದಳು. ದೊಡ್ಡಮಾದಯ್ಯ ಜೋಳಿಗೆಯ ಬಾಯಿ ಮುಚ್ಚಿ ಹಿಡಿದ.

“ರಾಗಿ ಬ್ಯಾಡ ಕಣವ್ವ.”

“ಮತ್ತೇನು ಬೇಕು?”

“ನಿನ್ನ ಕಣ್ಣ ಪೊರೆ ಆಕು ಈ ಜೋಳಿಗೆಗೆ. ಮಾದಪ್ಪ ಅದನ್ನೇ ತತ್ತಾ ಅಂದವ್ನೆ.”

ಬೀದಿ ಸುಮ್ಮನಾಯಿತು. ಎಷ್ಟು ಸುಮ್ಮನಾಯಿತೆಂದರೆ ಮೊರದಲ್ಲಿ ರಾಗಿ ಕಾಳು ಒಂದರ ಮೇಲೊಂದು ಉರುಳುವುದು ಕೇಳಿಸುತ್ತಿತ್ತು. ಹೊಸ್ತಿಲ ತನಕ ತಂದ ಮೊರವನ್ನು ತುಂಬಿದ ಹಾಗೆಯೇ ಒಳಗೆ ಒಯ್ಯುವಂತಿಲ್ಲ. ಕೊಟ್ಟು ಮುಗಿಸೋಣವೆಂದರೆ ಗುಡ್ಡ ರಾಗಿ ಒಲ್ಲೆ ಎನ್ನುತ್ತಾನೆ. ರಾಚಮ್ಮನ ಬೆಳ್ಳಗಿನ ಕಣ್ಣು ಅವನ ದನಿ ಬಂದ ಕಡೆಗೆ ತಿರುಗಿತು.

“ಈ ಮಾತ ಎಲ್ಲಿ ಕಟ್ದೆ? ನನ್ನ ಒಲೆ ಮುಂದೆ ಕಟ್ನಿಲ್ವಲ್ಲ.”

“ಕಟ್ನಿಲ್ಲ. ಬಾಗ್ಲಿಗೆ ಬಂದೆ, ಬಾಯಿಗೆ ಬಂತು.”

ದೊಡ್ಡಮಾದಯ್ಯನಿಗೆ ಒಳಗೇ ಗೆದ್ದೆ ಅನ್ನಿಸಿತು. ಆದರೆ ರಾಚಮ್ಮನ ಮುಖದಲ್ಲಿ ನಗು ಬಿರಿಯಿತು.

“ಕೆರೆ ಏರಿ ಮೇಲೆ ಬೆಳಗಿಂದ ಅರಚ್ತಾ ಇದ್ದೋರು ಯಾರು ಮತ್ತೆ? ‘ಪೊರೆ ಆಕು ಜೋಳಿಗೆಗೆ’, ‘ಜೋಳಿಗೆಗೆ ಪೊರೆ ಆಕು’ ಅಂತ ಇಂದುಮುಂದು ಮಾಡಿ ನೋಡ್ತಿದ್ದೆ. ಕಣ್ಣು ಓಗ್ಯದೆ ಕಣಯ್ಯ ನಂಗೆ. ಕಿವಿ ಅದೆ.”

ಜನ ಮತ್ತೆ ನಕ್ಕರು. ಈ ಸಲದ ನಗುವಿಗೆ ಅವನ ಕೈಯ ಕಂಸಾಳೆಯ ದಾರವೂ ಅಲುಗಿತು. ದೊಡ್ಡಮಾದಯ್ಯನಿಗೆ ಸಾವಿರ ಬಾಗಿಲಲ್ಲಿ ಎಂದೂ ತಪ್ಪದಿದ್ದ ಮಾತು ತನ್ನ ಬಾಗಿಲಲ್ಲಿ ತಪ್ಪಿತು. ತಿರುಗಿ ಹೋಗಿಬಿಡೋಣ ಎನ್ನಿಸಿತು. ಕಟ್ಟೆಯಿಲ್ಲದ ಬಾವಿ ನೆನಪಾಯಿತು. ಕಂಸಾಳೆಯ ಒಂದು ಕೈಯ ತಟ್ಟೆಯನ್ನು ಇನ್ನೊಂದು ಕೈಯ ಬಟ್ಟಲೊಳಗೆ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡ. ರಾಗ ಬಿಟ್ಟು, ಮನೆಯಲ್ಲಿ ನೀರು ಕೇಳುವ ದನಿಯಲ್ಲಿ ಹೇಳಿದ:

“ಕಟ್ಟಿದ್ದೇ. ಮಾದಪ್ಪ ಏನೂ ಅಂದಿಲ್ಲ. ನಾನೇ ಕೇಳ್ತಾವ್ನಿ. ಕೊಡು.”

ರಾಚಮ್ಮ ಮೊರವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಜನರಿಗೆ ಕೇಳಲಿ ಎಂದಲ್ಲ, ಅವನೊಬ್ಬನಿಗೆ ಕೇಳಲಿ ಎಂದು ಹೇಳಿದಳು:

“ಲಗ್ನ ಆದಾಗಿಂದ ಓಗು ಅಂದೆ, ಬಾ ಅಂದೆ, ಕೂರು ಅಂದೆ. ಆಸ್ಪತ್ರೆಗೂ ಓಗು ಅಂತ ಏಳ್ದೆ, ಗದರ್ಸ್ದೆ, ಉಪಾಸ ಮಾಡ್ದೆ. ಊರೋರ ಬಾಗ್ಲಲ್ಲೆಲ್ಲಾ ಬೇಡ್ದೆ. ನನ್ನನ್ನ ಒಂದಿನ ಕೇಳಿದ್ಯಾ?”

“ಈಗ ಕೇಳ್ತಾವ್ನಿ ಅಲ್ವಾ.”

“ತಡ ಮಾಡಿ ಕೇಳ್ದೆ,” ಎಂದಳು. ಮೊರವನ್ನು ಎತ್ತಿ ರಾಗಿಯನ್ನೆಲ್ಲ ಜೋಳಿಗೆಗೆ ಸುರಿದಳು. “ಇದು ಗುಡ್ಡನ ಪಾಲು. ಪೊರೆ ನಿನ್ನ ಪಾಲು. ಜೀಪಿಗೆ ಏಳಿ ಕಳ್ಸು, ನಾನೂ ಮುಂದಿನ ಸೀಟಲ್ಲೇ ಕೂರೋದು.”

ಗುರುಸಿದ್ದಯ್ಯನ ಜೀಪು ಎರಡೂರು ದಾಟಿ ಬಂದದ್ದು ಯಾವ ವೇಗದಲ್ಲಿ ಎಂದರೆ, ಧೂಳು ಮಾತ್ರ ಮಧ್ಯಾಹ್ನದ ಮೇಲೆ ಬಂದು ಸೇರಿತು. ಮುಂದಿನ ಸೀಟಿನಲ್ಲಿ ರಾಚಮ್ಮ, ಹಿಂದೆ ಜೋಳಿಗೆ ಮಡಿಲಲ್ಲಿಟ್ಟುಕೊಂಡು ದೊಡ್ಡಮಾದಯ್ಯ. ದಾರಿಯಲ್ಲಿ ಅವಳು ಒಂದು ಕಟ್ಟಳೆ ನೆನಪಿಸಿದಳು. ಭಿಕ್ಷೆ ಕೊಟ್ಟವರಿಗೆ ಗುಡ್ಡ ಮಾದಪ್ಪನ ಕಥೆಯ ಒಂದು ಭಾಗ ಹಾಡಿ ಹರಸಬೇಕು, ಶುರು ಮಾಡಿದ ಮೇಲೆ ಮಂಗಳ ಹಾಡುವ ತನಕ ನಿಲ್ಲಿಸಬಾರದು, ಅದು ಎಲ್ಲಿ ಎಂದು ಕೇಳಿದಳು. ಛತ್ರದಲ್ಲಿ ಹಾಡುತ್ತೇನೆ ಎಂದ.

ಹಾಡಿದ. ಮಂಗಳವಾರ ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋಗುವಾಗ ಶುರು ಮಾಡಿದ. ಮೊಗಸಾಲೆಯಲ್ಲಿ ಕಣ್ಣು ಕಟ್ಟಿಸಿಕೊಂಡು ಮಲಗಿದ್ದವರೆಲ್ಲ ಮಲಗಿದಲ್ಲಿಂದಲೇ ದನಿ ಸೇರಿಸಿ ಸೊಲ್ಲು ಕೊಟ್ಟರು. ಕಣ್ಣು ಕಾಣದೆ ಹೀಗೆ ಒಂದೇ ದನಿಯಲ್ಲಿ ಹಾಡುವ ಮೇಳ ಮೂರು ಲೋಕದಲ್ಲೂ ಇರಲಿಲ್ಲ. ನರ್ಸಮ್ಮ ಓಡಿ ಬಂದು ನಿಲ್ಲಿಸು ಎಂದಳು. ನಿಲ್ಲಿಸುವಂತಿಲ್ಲ ಎಂದು ಅವನು ಕೈಯಲ್ಲೇ ತೋರಿಸಿದ. ಅವಳು ಒಳಗೆ ಹೋಗಿ ಮತ್ತೆ ಬಂದು, ಹಾಡು ನಿಂತರೆ ಆ ಅಜ್ಜಿ ತಲೆ ಅಲ್ಲಾಡಿಸುತ್ತಾಳೆ, ಡಾಕ್ಟರಮ್ಮ ಹಾಡಲು ಹೇಳಿದ್ದಾರೆ, ಕಂಸಾಳೆ ಮಾತ್ರ ಬೇಡ ಎಂದಳು. ಆಪರೇಷನ್ ಮುಗಿದು ಅವಳನ್ನು ಚಾಪೆಯ ಮೇಲೆ ಮಲಗಿಸಿದ ಮೇಲೂ ಕಥೆ ಮುಗಿದಿರಲಿಲ್ಲ. ಮಂಗಳ ಹಾಡುವ ಹೊತ್ತಿಗೆ ಅವನ ಗಂಟಲಲ್ಲಿ ಗಾಳಿ ಬಿಟ್ಟು ಬೇರೇನೂ ಉಳಿದಿರಲಿಲ್ಲ. ನಡುವೆ ಎರಡು ಸಾಲು ನುಂಗಿದೆ ಎಂದು ರಾಚಮ್ಮ ಕಣ್ಣು ಕಟ್ಟಿಕೊಂಡೇ ಹೇಳಿದಳು.

ಒಂದು ವಾರ ಅಲುಗಾಡದೆ ಮಲಗಿರಬೇಕಿತ್ತು. ದೊಡ್ಡಮಾದಯ್ಯ ಅಲ್ಲೇ ಉಳಿದ. ಉಪ್ಪಿಟ್ಟನ್ನು ಕೈಯಾರೆ ತಿನ್ನಿಸಿದ. ತುಪ್ಪ ಎಲ್ಲಿ ಎಂದು ಅವಳು ಕೇಳಿದಳು. ಪುಟ್ಟಬಸಮ್ಮ ಹೇಳಿದ ತುಪ್ಪವನ್ನು ಆ ಶಿಬಿರದಲ್ಲಿ ಬೇರೆ ಯಾರೂ ಕಂಡಿರಲಿಲ್ಲ.

ಕಟ್ಟು ಬಿಚ್ಚುವ ದಿನ ಡಾಕ್ಟರಮ್ಮ ಬಲಗಣ್ಣಿನ ಬಟ್ಟೆ ತೆಗೆದು, ಹತ್ತಿಯಿಂದ ಒರೆಸಿ, ಕಣ್ಣಿನ ಮುಂದೆ ಒಂದು ದಪ್ಪ ಗಾಜು ಹಿಡಿದು, ಇನ್ನೊಂದು ಕೈಯ ಬೆರಳು ತೋರಿಸಿದಳು. ರಾಚಮ್ಮ ನೀರು ಸುರಿಯುತ್ತಿದ್ದ ಕಣ್ಣನ್ನು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಮೂರು ಎಂದಳು. ಉಂಗುರ ಇರುವುದು ಬಿಟ್ಟು ಮೂರು ಎಂದಳು. ಆಮೇಲೆ ಡಾಕ್ಟರಮ್ಮನ ಮುಖ ನೋಡಿ, ದನಿ ಕೇಳಿ ದೊಡ್ಡ ಹೆಂಗಸು ಎಂದುಕೊಂಡಿದ್ದೆ, ಇನ್ನೂ ಮದುವೆಗಿರುವ ಹೆಣ್ಣಲ್ಲವೇ ಇದು ಎಂದಳು. ಡಾಕ್ಟರಮ್ಮ ನಕ್ಕಳು. ಈ ಕಣ್ಣು ಚೆನ್ನಾಗಿ ಬಂದಿದೆ, ಕನ್ನಡಕ ಒಂದೂವರೆ ತಿಂಗಳಾದ ಮೇಲೆ ಕೊಡುತ್ತೇವೆ, ಎಡಗಣ್ಣಿಗೆ ಮುಂದಿನ ವರ್ಷದ ಶಿಬಿರಕ್ಕೆ ಬರಲೇಬೇಕು ಎಂದು ಗಟ್ಟಿಯಾಗಿ ಹೇಳಿದಳು.

“ಅದು ನನ್ನ ಕೈಲಿಲ್ಲ ಕಣವ್ವ,” ಎಂದಳು ರಾಚಮ್ಮ. “ಕೇಳೋರು ಬಂದು ಕೇಳ್ಬೇಕು. ಕೊನೇ ದಿನದ ಗಂಟ ಪದ ಕಟ್ತಾ ಕೂರೋದ್ ಬ್ಯಾಡ.”

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ದೊಡ್ಡಮಾದಯ್ಯನಿಗೆ ಆಯಿತು. ಅವನು ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸುತ್ತ ಯಾರು ನೋಡುತ್ತಿದ್ದಾರೆ ಎಂದೂ ನೋಡದೆ, ಅಲ್ಲೇ ಕೇಳಿದ.

ರಾಚಮ್ಮ ಹೊಸ ಕಣ್ಣಿನಿಂದ ಅವನನ್ನು ಅಡಿಯಿಂದ ಮುಡಿಯ ತನಕ ಅಳೆದು ನೋಡಿ, ಯೋಚನೆ ಮಾಡಿ ಹೇಳುತ್ತೇನೆ ಎಂದಳು.